ಮಳೆಯ ನಕಾಶೆ ಮತ್ತು ನಾಲ್ಕನೇ ಗುಂಡಿ

ಆಗ ನನಗೆ ಅರವತ್ತೊಂದು. ಹನ್ನೆರಡು ವರ್ಷದ ಹಿಂದಿನ ಮಾತು. ಓದಿದ್ದು ಮೂರನೇ ಇಯತ್ತೆ. ಕನ್ನಡ ಕೂಡಿಸಿಕೊಂಡು ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಅಂಕಿ ಮಾತ್ರ ಗೊತ್ತು. ಅಂಥವಳನ್ನು ಘಣಸೋಲಿಯ ಕಂಪ್ಯೂಟರ್ ಆಫೀಸಿನಲ್ಲಿ ಕೂರಿಸಿದ್ದು ಕಣ್ಣಿಗಾಗಿ, ಓದಿಗಾಗಿ ಅಲ್ಲ.

ಡೊಂಬಿವಲಿಯ ಕಾರ್ಖಾನೆಗಳ ಜಾಗ ಎಂಐಡಿಸಿಯಲ್ಲಿ ಒಂದು ಗಾರ್ಮೆಂಟ್ ಕಂಪನಿ ಇತ್ತು. ಅಲ್ಲಿ ನಾನು ಚೆಕಿಂಗ್ ಟೇಬಲ್ಲಿನವಳು. ಅಂಗಿ ತಿರುವಿ ಹಾಕಿದರೆ ಓಡಿದ ಹೊಲಿಗೆ, ಬಣ್ಣದ ಕಲೆ, ಎಡಬಲ ಅದಲುಬದಲಾದ ಜೇಬು ತಾನೇ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಒಂದು ಪದ್ಧತಿ. ಪಾಸಾದ ಅಂಗಿಯ ಒಳಗೆ ಚೆಕ್ ಮಾಡಿದವಳು ತನ್ನ ನಂಬರಿನ ಚೀಟಿ ಅಂಟಿಸಬೇಕು. ಮಾಲು ವಾಪಸ್ ಬಂದರೆ ಆ ನಂಬರಿನವಳ ಟೇಬಲ್ಲಿಗೇ ಬರುತ್ತದೆ, ಎಲ್ಲರೆದುರು. ನನ್ನ ನಂಬರು ಹದಿನಾಲ್ಕು. ಕಂಪನಿ ಮುಚ್ಚಿದ ಮೇಲೆ ಕಂತ್ರಾಟದಾರ ನನ್ನನ್ನೂ ಇನ್ನೊಬ್ಬಳನ್ನೂ ಘಣಸೋಲಿಗೆ ಕಳಿಸಿದ.

ಆ ಇನ್ನೊಬ್ಬಳು ಉಡುಪಿ ಕಡೆಯವಳು, ನನಗಿಂತ ಬಹಳ ಸಣ್ಣವಳು. ನಮ್ಮ ಓಣಿಗೂ ಅವಳ ಓಣಿಗೂ ನಡುವೆ ಒಂದು ನಾಲಾ. ಮೇಲೆ ಎರಡು ಹಲಗೆ ಹಾಕಿದೆ, ದಾಟಿದರೆ ಅವಳ ಮನೆ. ಡೊಂಬಿವಲಿ ಪಶ್ಚಿಮ, ಖಾಡಿಗೆ, ಅಂದರೆ ಸಮುದ್ರದ ಹಿನ್ನೀರಿಗೆ, ಹತ್ತಿರ.

ಘಣಸೋಲಿಯಲ್ಲಿ ಕೆಲಸ ಹೇಳಿಕೊಟ್ಟವಳು ಮೈಸೂರಿನ ಒಬ್ಬ ಹುಡುಗಿ. ಹುಡುಗಿ ಅಂದರೆ ಮೂವತ್ತು ದಾಟಿದ್ದಳು; ಮೇಡಂ ಅನ್ನುತ್ತಿದ್ದೆವು. ಭೂಮಿಯ ಹವೆಯನ್ನು ಲೆಕ್ಕದಲ್ಲಿ ಓಡಿಸುವ ದೊಡ್ಡ ಯಂತ್ರಗಳು ಹೊರದೇಶದಲ್ಲಿ ಇವೆಯಂತೆ. ಆಗಿಹೋದ ವರ್ಷಗಳ ಮಳೆ, ಮುಂದೆ ಬರುವ ವರ್ಷಗಳ ಮಳೆ, ಎರಡನ್ನೂ ಅವು ಲೆಕ್ಕ ಹಾಕಿ ಇಡುತ್ತವೆ. ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಅವನ್ನೆಲ್ಲ ಇಳಿಸಿಕೊಂಡು ನಮ್ಮ ಕಡೆಯ ಮಳೆ ಮುಂದೆ ಹೆಚ್ಚೋ ಕಡಿಮೆಯೋ ಅಂತ ನಕಾಶೆ ಮಾಡಿ ಕೊಡುವುದು ಆ ಆಫೀಸಿನ ಧಂದೆ.

ಮೇಡಂ ಮಾಡುವುದನ್ನು ನಾನು ನನ್ನ ಭಾಷೆಯಲ್ಲಿ ತಿಳಿದುಕೊಂಡೆ. ಬಂದ ಮಾಲು ಇಡೀ ಭೂಮಿಯದು, ಅದರಲ್ಲಿ ನಮ್ಮ ತುಂಡು ಕತ್ತರಿಸುವುದು. ವರ್ಷ ವರ್ಷದ ತುಂಡುಗಳನ್ನು ಸಾಲಾಗಿ ಜೋಡಿಸುವುದು. ಲೆಕ್ಕ ಬರುವುದು ಚೌಕ ಚೌಕವಾಗಿ, ಒಂದು ಚೌಕಕ್ಕೆಲ್ಲ ಒಂದೇ ಮಳೆ; ಒಬ್ಬರ ಚೌಕಳಿ ದೊಡ್ಡದು, ಇನ್ನೊಬ್ಬರದು ಸಣ್ಣದು. ಎಲ್ಲವನ್ನೂ ಒಂದೇ ಅಳತೆಯ ಚೌಕಳಿಗೆ ತರುವುದು. ಆಮೇಲೆ ಆಗಿಹೋದ ವರ್ಷಗಳ ಲೆಕ್ಕವನ್ನು ನಿಜವಾಗಿ ಬಿದ್ದ ಮಳೆಯ ಪಕ್ಕದಲ್ಲಿಟ್ಟು ನೋಡುವುದು. ಯಂತ್ರ ಎಲ್ಲಿ ಹೆಚ್ಚು ಹೇಳುತ್ತದೆ, ಎಲ್ಲಿ ಕಡಿಮೆ ಹೇಳುತ್ತದೆ ಅಂತ ಸಿಕ್ಕರೆ ಅಷ್ಟನ್ನು ತಿದ್ದಿ, ಅದೇ ತಿದ್ದನ್ನು ಮುಂದಿನ ವರ್ಷಗಳಿಗೂ ಹಾಕುವುದು. ಕೊನೆಗೆ ಮುಂದಿನದರಲ್ಲಿ ಹಿಂದಿನದನ್ನು ಕಳೆದು ಬಣ್ಣ ಬಳಿಯುವುದು.

ಪ್ರತಿ ಹಂತಕ್ಕೂ ಚಿತ್ರಗಳು ರಾಶಿ ಬೀಳುತ್ತಿದ್ದವು. ಅವನ್ನು ನೋಡುವುದು ನಾವು. ಖಾಲಿ ಚಿತ್ರ ಬಂದರೆ ಒಂದನೇ ಗುಂಡಿ. ಮಳೆಯನ್ನು ಸೆಕೆಂಡಿನ ಲೆಕ್ಕದಿಂದ ದಿನದ ಲೆಕ್ಕಕ್ಕೆ ತರಲು ಮರೆತರೆ ಚಿತ್ರ ಪೂರಾ ಬೆಳ್ಳಗೆ, ಅದಕ್ಕೂ ಅದೇ ಗುಂಡಿ. ನಡುವೆ ಪಟ್ಟಿ ಹರಿದುಹೋಗಿದ್ದರೆ ಎರಡು. ತಲೆಕೆಳಗಾಗಿ ಗುಜರಾತು ಕೆಳಗೆ, ಗೋವಾ ಮೇಲೆ ಬಂದರೆ ಮೂರು. ನಾಲ್ಕು ಅಂದರೆ ಜೋಡು. ಎರಡು ಚೌಕ ಕೂಡುವ ಕಡೆ ಎದ್ದು ಕಾಣುವ ಗೆರೆ. ಬಾಣದ ಗುಂಡಿ ಒತ್ತಿದರೆ ಹಿಂದಿನ ಕಾಲದ ಚಿತ್ರ, ಮುಂದಿನ ಕಾಲದ ಚಿತ್ರ ಒಂದರ ಮೇಲೊಂದು ಬಂದು ಹೋಗುತ್ತವೆ. "ಮಳೆ ಜಾಗ ಬದಲಾಯಿಸುತ್ತೆ ಅಮ್ಮ," ಅಂದಿದ್ದರು ಮೇಡಂ, "ಗೆರೆ ಎಲ್ಲಾ ಕಾಲದಲ್ಲೂ ಒಂದೇ ಕಡೆ ನಿಂತಿದ್ರೆ ಅದು ಮಳೆಯಲ್ಲ, ನಮ್ಮ ಜೋಡು. ನಾಲ್ಕು ಒತ್ತಿ." ಎಲ್ಲಾ ಸರಿ ಇದ್ದರೆ ಎಂಟರ್. ಇಬ್ಬರೂ ಎಂಟರ್ ಒತ್ತಿದರೆ ಮಾತ್ರ ಆ ಚಿತ್ರಗಳ ಗಂಟು ಮುಂದೆ ಹೋಗುತ್ತದೆ. ಒಬ್ಬಳು ಕೆಡುಕು ಅಂದರೂ ಗಂಟಿಗೆ ಬೀಗ ಬಿದ್ದು ಮೇಡಂ ಟೇಬಲ್ಲಿಗೆ ವಾಪಸ್. ಆ ಬೀಗವನ್ನು ಅವರೊಬ್ಬರೇ ತೆಗೆಯಬಹುದು. ಹಿಂದೊಮ್ಮೆ ತಲೆಕೆಳಗಿನ ನಕಾಶೆ ಗಿರಾಕಿಯ ತನಕ ಹೋಗಿ ನಗೆಪಾಟಲಾಗಿತ್ತಂತೆ, ಅದಕ್ಕೆ ಆಫೀಸು ನಡೆಸುವ ಸಾಹೇಬರೇ ಹಾಕಿಸಿದ ಬೀಗ. ನಮ್ಮ ಗಾರ್ಮೆಂಟಿನ ಚೀಟಿಯ ಪದ್ಧತಿ ಕೇಳಿ ಅವರಿಗೆ ಖುಷಿಯಾಗಿ, ನಾವು ಪಾಸು ಮಾಡಿದ ನಕಾಶೆಯ ಮೂಲೆಯಲ್ಲಿ ನಮ್ಮ ನಂಬರು ಬೀಳುವ ಹಾಗೆಯೂ ಮಾಡಿಸಿದರು. ನನ್ನದು ಇಲ್ಲಿಯೂ ಹದಿನಾಲ್ಕು.

ಕೆಲಸ ಕಷ್ಟದ್ದಲ್ಲ. ಕೋಣೆ ಕಷ್ಟದ್ದು. ಕಿಟಕಿ ಇಲ್ಲ, ಎಸಿಯ ಗಾಳಿ ನೇರ ಕತ್ತಿಗೆ. ಗಾಜಿನ ಬಾಗಿಲು ಕಾರ್ಡಿಗೆ ತೆರೆಯುತ್ತದೆ, ಕಂತ್ರಾಟಿನವರಿಗೆ ಕಾರ್ಡಿಲ್ಲ. ಹೊರಗೆ ಬರಬೇಕೆಂದರೆ ಬೆರಳಿನಿಂದ ಗಾಜು ಕುಟ್ಟಿ, ಯಾರಾದರೂ ಎದ್ದು ಬರುವ ತನಕ ನಿಲ್ಲಬೇಕು. ಪಾಯಖಾನೆಗೂ ಅಷ್ಟೆ. ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ.

ಒಂದು ದೇಶದ ಯಂತ್ರದವರು ಎಲ್ಲಾ ತಿಂಗಳಿಗೂ ಮೂವತ್ತೇ ದಿನ ಹಿಡಿದಿದ್ದರು. ಫೆಬ್ರವರಿ ಮೂವತ್ತು ಅಂತ ತಾರೀಖು ಬಿದ್ದ ಚಿತ್ರ ಬಂತು. ನಾವಿಬ್ಬರೂ ಕೆಡುಕು ಅಂತ ವಾಪಸ್ ಹಾಕಿದೆವು. ಮೇಡಂ ಬಂದು, ಅದು ಕೆಡುಕಲ್ಲ, ಅವರ ಪಂಚಾಂಗವೇ ಹಾಗೆ ಅಂದರು.

"ಆ ದಿನದ ಪಗಾರ ಕೊಡ್ತಾರಾ ಮೇಡಂ?" ಅಂದಳು ಉಡುಪಿಯವಳು.

"ಕೊಡ್ತಾರೆ. ಮೇ ಮೂವತ್ತೊಂದರದ್ದು ಕಟ್ ಮಾಡ್ತಾರೆ."

ಆ ಕೋಣೆಯಲ್ಲಿ ನಕ್ಕದ್ದು ನೆನಪಿರುವುದು ಅದೊಂದೇ.

ಮೇ ತಿಂಗಳಲ್ಲಿ ಒಂದು ಗಂಟು ಬಂತು. ಗಿರಾಕಿ ಒಂದು ಸಲಹಾ ಕಂಪನಿ. ಠಾಣೆ ಊರಿನಿಂದ ಕಲ್ಯಾಣದ ತನಕ ನಾಲಾ ಪಕ್ಕದ ವಸತಿಗಳಲ್ಲಿ ಯಾವುದನ್ನು ಎಬ್ಬಿಸಬೇಕು, ಯಾವುದನ್ನು ಉಳಿಸಬೇಕು ಅಂತ ಅವರು ವರದಿ ಬರೆಯುತ್ತಿದ್ದರು. ಮಳೆ ಹೆಚ್ಚುವ ಜಾಗ ಕೆಂಪು. ಅಲ್ಲಿಯವರನ್ನು ದೂರದ ಟಿಟ್ವಾಳಾದ ಆಚೆ ಕಟ್ಟುವ ಬಿಲ್ಡಿಂಗಿಗೆ ಕಳಿಸುವುದು. ಹಸಿರಿನವರಿಗೆ ಇದ್ದಲ್ಲೇ ಗಟಾರು ಅಗಲ ಮಾಡಿ, ಪಾಯ ಎತ್ತರಿಸಿ ಕೊಡುವುದು. ಇದನ್ನು ಸಾಹೇಬರೇ ನಮಗೆ ಹೇಳಿದರು, ಕಣ್ಣಿಟ್ಟು ನೋಡಲಿ ಅಂತ.

ಮೊದಲ ಚಿತ್ರದಲ್ಲಿಯೇ ಗೆರೆ. ಮೇಲಿಂದ ಕೆಳಗೆ ಸೀದಾ. ಒಂದು ಚೌಕದಲ್ಲಿ ಠಾಣೆ, ಕಳವಾ, ದಿವಾ. ಇನ್ನೊಂದರಲ್ಲಿ ಕಲ್ಯಾಣ, ಟಿಟ್ವಾಳಾ. ಎರಡು ಚೌಕ ಕೂಡುವುದು ಡೊಂಬಿವಲಿಯ ಮೇಲೆ. ಖಾಡಿಯ ಕಡೆಯದು ಕೆಂಪು, ಈಚೆಯದು ಹಸಿರು. ಇಬ್ಬರೂ ನಾಲ್ಕು ಒತ್ತಿದೆವು. ಮೇಡಂ ಬೇರೆ ರೀತಿಯಲ್ಲಿ ಚೌಕಳಿ ಕೂಡಿಸಿ ಕಳಿಸಿದರು. ಗೆರೆ ಸ್ವಲ್ಪ ಮಸುಕಾಯಿತು, ಹೋಗಲಿಲ್ಲ. ಮತ್ತೆ ನಾಲ್ಕು. ಒಂದು ಯಂತ್ರದ್ದು ತೆಗೆದು ಉಳಿದವುಗಳ ಸರಾಸರಿ ಮಾಡಿದರು. ಮತ್ತೆ ಅಲ್ಲೇ. ಹೀಗೆ ವಾರ ಕಳೆಯಿತು. ಮೇಡಂ ಊಟದ ಡಬ್ಬಿ ತೆಗೆಯದೆ ಮನೆಗೆ ಒಯ್ಯುತ್ತಿದ್ದರು.

"ಇಷ್ಟು ದೊಡ್ಡ ಚೌಕದಲ್ಲಿ ಓಣಿ ಹುಡುಕಬಾರದು ಅಮ್ಮ," ಅಂದರು ಒಮ್ಮೆ, ನನಗೋ ತಮಗೋ. "ಅಕ್ಕಪಕ್ಕದ ನಾಲ್ಕಾರು ಚೌಕ ಸೇರಿಸಿ ಇಡೀ ಪ್ರದೇಶಕ್ಕೆ ಒಂದೇ ಬಣ್ಣ ಕೊಡಬೇಕು. ಸರ್ ಒಪ್ಪಲ್ಲ. ಗಿರಾಕಿಗೆ ಓಣಿ ಓಣಿಯೇ ಬೇಕಂತೆ."

ಸಾಹೇಬರು ಇಲ್ಲೇ ಹುಟ್ಟಿ ಬೆಳೆದವರು. ತಂದೆ ಬೆಂಗಳೂರು ಕಡೆಯವರು, ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಬಾಯಿ ಹಿಂದಿ. ಕೆಟ್ಟವರಲ್ಲ. ಮಳೆಗಾಲಕ್ಕೆ ಮೊದಲು ಗಿರಾಕಿಯ ಮೀಟಿಂಗು, ಅದು ತಪ್ಪಿದರೆ ಮುಂದಿನ ಕೆಲಸವೂ ತಪ್ಪುತ್ತದೆ ಅನ್ನುವ ಭಯ ಅವರದು. ಅವರೇ ಕೂತು ನಕಾಶೆಯನ್ನು ನುಣ್ಣಗೆ ಮಾಡಿಸಿದರು. ಚೌಕದ ಮೂಲೆಗಳು ಕರಗಿದವು, ಸೀದಾ ಗೆರೆ ಬಾಗಿ ಬಳುಕಿತು. ಅದರ ಮೇಲೆ ರೈಲು ಹಳಿ, ರಸ್ತೆ, ಓಣಿ, ನಾಲಾ ಎಲ್ಲಾ ಕೂರಿಸಿದರು. ಗಂಟು ನಮ್ಮ ಪರದೆಗೆ ಬಂತು. ಗಿರಾಕಿಯ ಮೀಟಿಂಗು ಮರುದಿನ.

ನೋಡಿದರೆ ಚಂದದ ನಕಾಶೆ. ಹಳಿಯ ತಿರುವು ಹಿಡಿದು ಬಂದು ಖಾಡಿಯ ಕಡೆ ಇಳಿದರೆ ನಮ್ಮ ನಾಲಾ. ಕೆಂಪು ಅದರ ಆಚೆ ದಂಡೆಗೆ ಬಂದು ನಿಂತಿತ್ತು. ನಾಲಾ ನೋಡಿಕೊಂಡೇ ಬರೆದ ಹಾಗೆ.

"ಅಯ್ಯೋ ದೇವರೇ, ಅದು ನಮ್ಮ ಮನೆ!" ಅಂದಳು ಉಡುಪಿಯವಳು. ಅವಳ ಬೆರಳು ಪರದೆಯ ಮೇಲೆ.

ಸಾಹೇಬರು ಬಾಗಿಲಲ್ಲೇ ಇದ್ದರು. ಕೇಳಿಸಿಕೊಂಡರು. ಒಳಗೆ ಬಂದು ಅವಳಿಗೆ ಹೇಳಿದರು, "ತುಮ್ಹಾರಾ ಘರ್ ಹೈ ತೋ ತುಮ್ ಚೆಕ್ ನಹೀಂ ಕರ್ ಸಕತೀ." ಸ್ವಂತ ಮನೆ ಇದ್ದ ಮೇಲೆ ಅವಳು ನೋಡುವ ಹಾಗಿಲ್ಲ. ನ್ಯಾಯದ ಮಾತು, ನಾನೂ ಒಪ್ಪಿದೆ. ಅವಳನ್ನು ಈ ಗಂಟಿನಿಂದ ತೆಗೆದು ಒಬ್ಬರ ಎಂಟರ್ ಸಾಕು ಅಂತ ಮಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಮೌಶಿ, ಆಪ್ ಕಾ ಘರ್?" ಅಂದರು. ಮೌಶಿ ಅಂದರೆ ಚಿಕ್ಕಮ್ಮ; ನಿಮ್ಮ ಮನೆ ಎಲ್ಲಿ ಅಂತ.

"ನಂದು ನಾಲಾದ ಈಚಿ ಕಡೆ ಐತ್ರಿ. ಹಸಿರಿನಾಗ."

"ಫಿರ್ ತೋ ಕೋಯಿ ಪ್ರಾಬ್ಲಮ್ ನಹೀಂ," ಅಂದು ಹೋದರು.

ಹಸಿರಿನವಳಿಗೆ ಮನೆ ಇಲ್ಲವಾ? ಕೇಳಬೇಕೆಂದಿದ್ದೆ. ಕೇಳಲಿಲ್ಲ. ಯಾಕೆ ಕೇಳಲಿ? ಮನೆ ಉಳಿಯುತ್ತದೆ, ಪಾಯ ಎತ್ತರವಾಗುತ್ತದೆ. ಒಂದು ಎಂಟರ್.

ನಾನು ಬಾಣದ ಗುಂಡಿ ಒತ್ತಿದೆ. ಹಿಂದಿನ ಕಾಲ, ಮುಂದಿನ ಕಾಲ. ಹಿಂದಿನ, ಮುಂದಿನ. ಕೆಂಪು ಕಡಿಮೆ ಹೆಚ್ಚಾಗುತ್ತಿತ್ತು, ಗೆರೆ ಅಲುಗಲಿಲ್ಲ. ಮಳೆ ಇಲ್ಲದ ಜನವರಿ ತೆಗೆದು ನೋಡಿದೆ. ತೆಳ್ಳಗೆ, ಅಲ್ಲೇ, ಅದೇ ಬಳುಕು. ಹೊಲಿಗೆ ಕೆಟ್ಟರೆ ಅದರ ಮೇಲೆ ಲೇಸು ಹಚ್ಚಿ ಮುಚ್ಚುವುದನ್ನು ಗಾರ್ಮೆಂಟಿನಲ್ಲಿ ಬಹಳ ನೋಡಿದ್ದೇನೆ.

ಇದು ಜೋಡೇ ಅಂತ ಗೊತ್ತಾಯಿತು. ಗೊತ್ತಾದ ಮೇಲೂ ಕೈ ಎತ್ತಲಿಲ್ಲ.

ಊಟದ ಹೊತ್ತಿಗೆ ಗಾಜು ಕುಟ್ಟಿ ಹೊರಗೆ ಬಂದೆ. ಬಿಲ್ಡಿಂಗಿನ ಹಿಂದೆ ಜನರೇಟರಿನ ಪಕ್ಕ ನಾವು ಉಣ್ಣುವ ಜಾಗ. ಉಡುಪಿಯವಳು ಡಬ್ಬಿ ತೆಗೆದಿರಲಿಲ್ಲ.

"ಒತ್ತಿದ್ರಾ ಅಕ್ಕ?"

"ಇಲ್ಲ."

"ಒತ್ತಿ ಬಿಡಿ. ನಿಮಗೆಂತ? ನಿಮ್ಮದು ಹಸಿರು ಉಂಟಲ್ಲ."

"ಬಾಯಿ ಮುಚ್ಚಿ ಉಣ್ಣು."

"ನಮ್ಮ ಯಜಮಾನರು ಠಾಣೆಯ ಹೋಟ್ಲಲ್ಲಿ ಬೆಳಿಗ್ಗೆ ಒಲೆ ಹಚ್ಚುವವರು. ಟಿಟ್ವಾಳಾದ ಆಚೆಯಿಂದ ಎಷ್ಟೊತ್ತಿಗೆ ಬರುದು ಅವರು? ಮೊದಲನೇ ಗಾಡಿ ಸಿಕ್ಕಿದ್ರೂ ಅಷ್ಟೊತ್ತಿಗೆ ಗಿರಾಕಿ ಇಡ್ಲಿ ತಿಂದು ಕೈ ತೊಳೆದಿರ್ತಾರೆ." ನಗಲಿಕ್ಕೆ ನೋಡಿದಳು, ಆಗಲಿಲ್ಲ. "ಆ ದೊಡ್ಡ ಮಳೆಗೆ ನೀರು ನಿಮ್ಮ ಓಣಿಗೆ ಬರ್ಲಿಲ್ವಾ ಅಕ್ಕ? ನಮ್ಮ ಮಂಚ ನಿಮ್ಮ ಬಾಗಿಲಲ್ಲಿ ಸಿಕ್ಕಿದ್ದಲ್ವಾ?"

"ಸಿಕ್ಕಿತ್ತು."

"ಆ ನೀರಿಗೆ ಯಾರು ಗೆರೆ ಹಾಕಿದ್ದು?"

ನಾನು ಉಳಿದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಎದ್ದೆ.

ಒಳಗೆ ಹೋಗಲು ಮತ್ತೆ ಗಾಜು ಕುಟ್ಟಬೇಕು. ಬಂದು ತೆರೆದವರು ಮೇಡಂ. ನಾನು ಪರದೆಯ ಮುಂದೆ ಕೂತು, "ಮೇಡಂ, ಇದು ಜೋಡು ಹೌದಲ್ರಿ? ನೀವೇ ಹೇಳ್ರಿ," ಅಂದೆ.

ಅವರು ಪರದೆ ನೋಡಲಿಲ್ಲ. "ನಾನು ಹೇಳೋ ಹಾಗಿಲ್ಲ ಅಮ್ಮ. ಮಾಡಿದವರೇ ಹೇಳಿಕೊಟ್ಟರೆ ಅದು ಚೆಕಿಂಗ್ ಅಲ್ಲ."

"ನಿಮಗ ಗೊತ್ತೈತಲ್ಲ?"

"ಗೊತ್ತಿದೆ. ಬರೆದೂ ಕೊಟ್ಟೆ. ಸರ್ ಓದಿದ್ರು. ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಅಂದಾಜು ಅಂತ ಹಾಕೋಣ ಅಂದ್ರು. ಸಣ್ಣ ಅಕ್ಷರ ಯಾರು ಓದ್ತಾರೆ?" ಆಮೇಲೆ ದನಿ ಇಳಿಸಿ, "ನಾನೂ ಬಿಟ್ಟು ಹೋಗೋ ಹಾಗಿಲ್ಲಮ್ಮ. ಎರಡು ವರ್ಷಕ್ಕೆ ಸಹಿ ಹಾಕಿದ್ದೀನಿ," ಅಂದರು.

ಅವರ ಕೊರಳಲ್ಲಿ ಕಾರ್ಡು ನೇತಾಡುತ್ತಿತ್ತು. ಕಾರ್ಡಿದ್ದವರಿಗೂ ಬಾಗಿಲಿರಲಿಲ್ಲ.

ಮಧ್ಯಾಹ್ನ ಪೂರಾ ಹಾಗೇ ಕೂತೆ. ಸಾಹೇಬರು ಗಾಜಿನಾಚೆಯಿಂದ ಕೈ ಸನ್ನೆ ಮಾಡಿದರು. ಆಮೇಲೆ ಒಳಗೆ ಬಂದರು.

"ಮೌಶಿ, ಏಕ್ ಬಟನ್ ಕಾ ಕಾಮ್ ಹೈ. ಕ್ಯಾ ದೇಖ್ ರಹೀ ಹೋ?"

"ಗೆರಿ ನೋಡಾಕತ್ತೀನ್ರಿ."

"ಗೆರೆ ಅಲ್ಲ ಮೌಶಿ, ಬೌಂಡ್ರಿ," ಅಂದರು, ಅಪರೂಪಕ್ಕೆ ಕನ್ನಡದಲ್ಲಿ. ಮತ್ತೆ ಹಿಂದಿಗೆ ಹೋದರು. "ಆಪ್ ಕಾ ತೋ ಫಾಯದಾ ಹೈ." ನನಗೆ ಲಾಭವೇ ಇದೆಯಲ್ಲ ಅಂತ.

ಅದು ಖರೆ. ಅಲ್ಲಿಯೇ ನಾನು ಸಿಕ್ಕಿಕೊಂಡದ್ದು. ಎಂಟರ್ ಒತ್ತಿದರೆ ಮೂಲೆಯಲ್ಲಿ ಹದಿನಾಲ್ಕು ಬೀಳುತ್ತದೆ. ನಾಳೆ ಆ ಓಣಿ ಎದ್ದು ಹೋದ ಮೇಲೆ ಹಲಗೆಯ ಈಚೆ ನಿಂತು ಪ್ರತಿದಿನ ಆ ಖಾಲಿ ಜಾಗ ನೋಡುವುದು ನಾನು. ಉಡುಪಿಯವಳು ವಾಪಸ್ ಬಂದ ಅಂಗಿ ಅಲ್ಲ, ಟೇಬಲ್ಲಿನ ಮೇಲೆ ಇಟ್ಟು ಬಿಚ್ಚಿ ಹೊಲಿಯಲು. ನಾಲ್ಕು ಒತ್ತಿದರೆ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚು, ಮೇಡಂ ಹೇಳಿದ ಹಾಗೆ ಎಲ್ಲಾ ಚೌಕ ಸೇರಿಸಿ ಒಂದೇ ಬಣ್ಣ ಕೊಟ್ಟರೆ ಅದು ಕೆಂಪೇ ಆಗುವುದು. ಅಷ್ಟು ಚಿತ್ರ ನೋಡಿದ ಮೇಲೆ ನನಗೆ ಅಷ್ಟು ತಿಳಿಯುತ್ತಿತ್ತು. ನಮ್ಮ ಓಣಿಯೂ ಅದರೊಳಗೆ. ಎದ್ದು ಹೋಗಬೇಕೆಂದರೆ ಹೊರಗೆ ಬಿಡುವವರು ಬೇಕು. ಯಾವ ಗುಂಡಿಯೂ ನನ್ನನ್ನು ಹೊರಗೆ ಬಿಡುವಂಥದ್ದಲ್ಲ.

ಸಾಹೇಬರು ಹಿಂದೆ ನಿಂತೇ ಇದ್ದರು. "ಜಲ್ದೀ ಮೌಶಿ. ನಹೀಂ ತೋ ಮೈಂ ಆಪ್ ಕೇ ನಂಬರ್ ಸೇ ದಬಾ ದೂಂಗಾ." ನನ್ನ ನಂಬರಿನಿಂದ ಅವರೇ ಒತ್ತಿಬಿಡುವುದಾಗಿ ಹೇಳಿ, ಕೈ ಚಾಚಿದರು.

ಅವರು ಕೈ ಚಾಚಿದ್ದಕ್ಕೇ ನನಗೆ ಬುದ್ಧಿ ಬಂತು. ಆ ನಂಬರು ನನ್ನದು. ನಾನು ನಾಲ್ಕು ಒತ್ತಿದೆ.

ಪರದೆಯ ಮೇಲೆ ಬೀಗದ ಚಿತ್ರ ಬಂತು.

"ಯೇ ಕ್ಯಾ ಕಿಯಾ?"

"ಜೋಡು ಐತ್ರಿ. ಜನವರ್ಯಾಗೂ ಐತಿ. ನೋಡ್ರಿ ಬೇಕಾದ್ರ."

ಅವರು ನನ್ನನ್ನು ಬಯ್ಯಲಿಲ್ಲ. ಬಾಗಿಲು ತೆರೆದು ಮೇಡಂಗೆ ಕೂಗಿದರು, ಬೀಗ ತೆಗೆಯಲು. ಗಾಜಿನ ಆಚೆ ಇಬ್ಬರೂ ನಿಂತು ಮಾತಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಸಾಹೇಬರ ಕೈ ಬೀಸಾಡುತ್ತಿತ್ತು. ಮೇಡಂ ತಲೆ ತಗ್ಗಿಸಿ ನಿಂತಿದ್ದರು. ಆ ಹೊತ್ತಿನಲ್ಲಿ, ತೆಗೆದೇಬಿಡಲಿ, ನನ್ನ ನಂಬರು ಬಿಟ್ಟು ಹೋಗಲಿ, ಮನೆಯೂ ಉಳಿಯಲಿ ಅಂತ ನಾನು ಆಸೆ ಪಟ್ಟದ್ದುಂಟು. ಇಲ್ಲ ಅನ್ನುವುದಿಲ್ಲ.

ಮೇಡಂ ತಲೆ ಎತ್ತಿ ಏನೋ ಒಂದೇ ಮಾತು ಹೇಳಿದರು. ತಮ್ಮ ಟೇಬಲ್ಲಿಗೆ ಹೋಗಿ ಕೂತರು. ಗಂಟು ಬಿಚ್ಚಿದರು, ಆದರೆ ಪಾಸು ಮಾಡಲಿಕ್ಕಲ್ಲ. ಅಕ್ಕಪಕ್ಕದ ಚೌಕಗಳನ್ನೆಲ್ಲ ಸೇರಿಸಿ ಠಾಣೆಯಿಂದ ಕಲ್ಯಾಣದಾಚೆಗೂ ಒಂದೇ ಲೆಕ್ಕ ತೆಗೆದರು. ಎಷ್ಟು ಯಂತ್ರಗಳು ಮಳೆ ಹೆಚ್ಚು ಅನ್ನುತ್ತವೆ, ಎಷ್ಟು ಅನ್ನುವುದಿಲ್ಲ ಅಂತ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು. ಓಣಿಗಳನ್ನು ತೆಗೆದು ಹಾಕಿದರು. ಹೊಸ ಚಿತ್ರ ನನ್ನ ಪರದೆಗೆ ಬಂದಾಗ ಸಂಜೆ ಆಗುತ್ತಿತ್ತು. ಒಂದೇ ಬಣ್ಣ. ಕಡು ಕೆಂಪಲ್ಲ, ಇಟ್ಟಿಗೆಯ ಬಣ್ಣ. ನಾಲಾ ಇಲ್ಲ, ಆಚೆ ಈಚೆ ಇಲ್ಲ. ಬಾಣ ಒತ್ತಿ ನೋಡಿದೆ, ಜನವರಿ ನೋಡಿದೆ. ಗೆರೆ ಇರಲಿಲ್ಲ. ಎಂಟರ್ ಒತ್ತಿದೆ. ಮೂಲೆಯಲ್ಲಿ ಹದಿನಾಲ್ಕು ಬಿತ್ತು.

ಸಾಹೇಬರು ಅದನ್ನೇ ಕಳಿಸಬೇಕಾಯಿತು, ಬೇರೆ ಮಾಡಲು ಹೊತ್ತಿರಲಿಲ್ಲ. ನಾನು ಹೊರಡುವಾಗ ಬಾಗಿಲು ತೆರೆದವರು ಅವರೇ. "ಕಲ್ ಸೇ ಮತ್ ಆನಾ, ಮೌಶಿ," ಅಂದರು, ನಾಳೆಯಿಂದ ಬರಬೇಡಿ ಅಂತ. ದನಿಯಲ್ಲಿ ಸಿಟ್ಟಿಗಿಂತ ದಣಿವೇ ಜಾಸ್ತಿ. ನಾನು ಮೇಡಂ ಕಡೆ ನೋಡಿದೆ. ಅವರು ಕೀಲಿಮಣೆ ಬಿಟ್ಟು ಕಣ್ಣೆತ್ತಲಿಲ್ಲ. ಆಮೇಲೆ ಅವರನ್ನು ನಾನು ನೋಡಿಲ್ಲ.

ಠಾಣೆಯಲ್ಲಿ ಗಾಡಿ ಬದಲಾಯಿಸಿದೆವು. ಡೊಂಬಿವಲಿ ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ, ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ಒತ್ತಿಕೊಂಡು ನಿಂತಿದ್ದೆವು. ಗಾಡಿ ಮುಂಬ್ರಾ ದಾಟಿತು.

"ಈಗ ನೀವೂ ಕೆಂಪು ಅಕ್ಕ," ಅಂದಳು ಬೆನ್ನಿನ ಕಡೆಯಿಂದ.

"ಹೂಂ. ಕೂಡೇ ಹೋಗೂಣು ಟಿಟ್ವಾಳಾಕ್ಕ. ಗಣಪತಿ ಗುಡಿನಾದ್ರೂ ಐತಿ ಅಲ್ಲಿ."

"ಹೌದೇ ಮಾರಾಯ್ತಿ," ಅಂದಳು. ಅಕ್ಕ ಅನ್ನುವುದನ್ನು ಮರೆತಿದ್ದಳು. ಬೆನ್ನು ಅಲುಗುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ, ತಿರುಗಿ ನೋಡಲು ಜಾಗವಿರಲಿಲ್ಲ.

ಇವತ್ತಿಗೂ ಎರಡೂ ಓಣಿಗಳು ಅಲ್ಲೇ ಇವೆ. ನಮ್ಮನ್ನು ಯಾರೂ ಎಬ್ಬಿಸಲಿಲ್ಲ, ಯಾರೂ ಪಾಯ ಎತ್ತರಿಸಿ ಕೊಡಲೂ ಇಲ್ಲ. ಆ ನಕಾಶೆಯಿಂದಲೇ ಹಾಗಾಯಿತೋ, ಕಾಗದ ಎಲ್ಲಿಯೋ ಕೊಳೆಯಿತೋ ನನಗೆ ತಿಳಿಯದು. ನೀರು ಮಾತ್ರ ಬರುತ್ತಲೇ ಇದೆ.

ಕೆಲಸ ಹೋದ ಮರುದಿನ ಬೆಳಿಗ್ಗೆ ಎದ್ದು ಚಹಾ ಕುಡಿದೆ. ಮೂಲೆಯಲ್ಲಿ ಒಲೆಗೆಂದು ಇಟ್ಟಿದ್ದ ಇಟ್ಟಿಗೆ ತೆಗೆದು ಮಂಚದ ನಾಲ್ಕೂ ಕಾಲಿಗೆ ಎರಡೆರಡು ಇಟ್ಟೆ. ಅಕ್ಕಿ ಡಬ್ಬಿ, ಮಿಕ್ಸರು, ಹಾಸಿಗೆ ಎಲ್ಲವನ್ನೂ ಮಾಳಾಕ್ಕೆ, ಅಂದರೆ ಅಟ್ಟಕ್ಕೆ, ಏರಿಸಿದೆ. ಮಳೆಗೆ ಇನ್ನೂ ಹೊತ್ತಿತ್ತು, ಆದರೂ ಏರಿಸಿದೆ. ಉಳಿದ ಇಟ್ಟಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಹಲಗೆ ದಾಟಿದೆ. ಉಡುಪಿಯವಳು ಡ್ಯೂಟಿಗೆ ಹೊರಟಿದ್ದಳು. ಅವಳ ಕೆಲಸ ಹೋಗಿರಲಿಲ್ಲ. ಚೀಲ ನೋಡಿದಳು, ನನ್ನನ್ನು ನೋಡಿದಳು. ಮನೆಯ ಬೀಗದ ಕೈ ನನ್ನ ಕೈಯಲ್ಲಿಟ್ಟು ಸ್ಟೇಷನ್ನಿನ ಕಡೆ ನಡೆದಳು. ನಾನು ಬಾಗಿಲು ತೆರೆದು ಒಳಗೆ ಹೋಗಿ ಅವಳ ಮಂಚದ ಒಂದು ಕಾಲು ಎತ್ತಿ ಹಿಡಿದೆ, ಪಾದದಿಂದಲೇ ಇಟ್ಟಿಗೆಯನ್ನು ಅದರಡಿಗೆ ತಳ್ಳಿದೆ.